ಚಟ್ನಿಗೆ ತಂದ ಕಾಯಿ

ಆ ರವಿವಾರ ಮುಂಜಾನೆ ಕಲ್ಲೇಶ ಮಾಸ್ತರರು ಅಂಗಡಿಗೆ ಹೋಗುವಾಗ ಕೈಚೀಲ ಮರೆಯದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಹೆಂಡತಿ ಪದ್ಮಶ್ರೀ ಇಡ್ಲಿ ಒಲೆಯ ಮೇಲಿಟ್ಟು, "ಚಟ್ನಿಗೆ ಒಂದು ಕಾಯಿ ತಗೊಂಬರ್ರಿ. ಹಂಗ ಚೀಲಾ ಒಯ್ರಿ" ಎಂದು ಎರಡು ಮಾತು ಹೇಳಿದ್ದಳು. ಮಾಸ್ತರರ ತಲೆಯಲ್ಲಿ ಒಂದು ಹೊತ್ತಿಗೆ ಒಂದೇ ಮಾತು ಹಿಡಿಸುತ್ತಿತ್ತು. ಕಾಯಿ ನೆನಪಾಯಿತು, ಚೀಲ ಗೂಟದಲ್ಲೇ ಉಳಿಯಿತು.

ಮಾಸ್ತರರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ವರ್ಷಕ್ಕೊಮ್ಮೆ ಶಾಲೆಯ ವೇದಿಕೆ ಹತ್ತಿ ನಿಂಬೆಹಣ್ಣಿನಿಂದ ರಕ್ತ ಸುರಿಸುವರು, ಉರಿಯುವ ಕರ್ಪೂರ ನಾಲಿಗೆಯ ಮೇಲಿಡುವರು, ಆಮೇಲೆ "ಇದು ಪವಾಡ ಅಲ್ಲ, ಕೈಚಳಕ" ಎಂದು ಬಯಲು ಮಾಡುವರು. ಒಂದು ವರ್ಷ ಕರ್ಪೂರದ ಉರಿಗೆ ಅರ್ಧ ಮೀಸೆ ಹೋಗಿತ್ತು. ಆದರೂ ಮಾಸ್ತರರ ನಂಬಿಕೆ, ಅಂದರೆ ಅಪನಂಬಿಕೆ, ಒಂದಿಷ್ಟೂ ಕದಲಿರಲಿಲ್ಲ. ವೇದಿಕೆಯ ಮೇಲೆ ಇಷ್ಟು ಧೈರ್ಯದ ಮನುಷ್ಯ ವೇದಿಕೆ ಇಳಿದ ಮೇಲೆ ಯಾರಿಗೂ 'ಒಲ್ಲೆ' ಎನ್ನಲಾರರು. ಓಣಿಯಲ್ಲಿ ಯಾರಾದರೂ ಕೈ ಹಿಡಿದು ಎಳೆದರೆ ಎಳೆದ ಕಡೆಗೆ ಹೋಗುವ ಸ್ವಭಾವ. ಎಮ್ಮೆಯಾದರೂ ಒಮ್ಮೆ ತಲೆ ಕೊಡವುತ್ತದೆ, ಮಾಸ್ತರರು ಅದನ್ನೂ ಮಾಡುತ್ತಿರಲಿಲ್ಲ.

ಅವರಿದ್ದದ್ದು ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯ ಪಕ್ಕಕ್ಕೆ ಹೊಸದಾಗಿ ಎದ್ದ ಕಾಯಕ ನಗರದಲ್ಲಿ. ಅಲ್ಲಿ ಬೀದಿದೀಪ ಇತ್ತು, ಸ್ವಾಗತ ಕಮಾನು ಇತ್ತು, ಉದ್ಯಾನಕ್ಕೆಂದು ಬಿಟ್ಟ ಜಾಲಿಕಂಟಿಯ ಬಯಲು ಇತ್ತು. ನೀರು ಮಾತ್ರ ಇರಲಿಲ್ಲ. ಟ್ಯಾಂಕರ್ ಬಂದ ದಿನವೇ ಹಬ್ಬ. ಓಣಿಯವರು ಪಟ್ಟಿ ಹಾಕಿ ದುಡ್ಡು ಕೂಡಿಸಿ ಎರಡು ಸಲ ಬೋರ್ ಹೊಡೆಸಿದ್ದರು. ಮೊದಲನೆಯ ಜಾಗವನ್ನು ಯಂತ್ರ ಹಿಡಿದು ಬಂದ ಭೂಗರ್ಭ ತಜ್ಞ ತೋರಿಸಿದ್ದ. ಎರಡನೆಯದನ್ನು ಬೇವಿನ ಕವಲುಕಡ್ಡಿ ಹಿಡಿದು ಬಂದ ಸ್ವಾಮಿ ತೋರಿಸಿದ್ದ. ಎರಡರಲ್ಲೂ ಬಂದದ್ದು ಬರೀ ಬಿಳಿ ಹುಡಿ. ವಿಜ್ಞಾನದ ಹುಡಿಗೂ ಧರ್ಮದ ಹುಡಿಗೂ ಬಣ್ಣದಲ್ಲಿ ವ್ಯತ್ಯಾಸವಿರಲಿಲ್ಲ.

ಇವತ್ತು ಮೂರನೆಯ ಪ್ರಯತ್ನ. ಬೋರ್ ಲಾರಿ ಬೆಳಕು ಹರಿಯುವ ಮೊದಲೇ ಬಂದು ಬಯಲಿನ ಅಂಚಿಗೆ ನಿಂತಿತ್ತು. ಓಣಿಯ ಅಭಿವೃದ್ಧಿ ಸಂಘದ ಅಧ್ಯಕ್ಷರಾದ ಹೊಳಬಸಪ್ಪನವರು ಕಿವಿಗೆ ಮೊಬೈಲ್ ಒತ್ತಿಕೊಂಡು ಅತ್ತಿಂದಿತ್ತ ಓಡಾಡುತ್ತಿದ್ದರು. ಸರ್ಕಾರಿ ಗೋದಾಮಿನಲ್ಲಿ ನೌಕರಿ ಮಾಡಿ ನಿವೃತ್ತರಾದವರು. ಆಳು ಎತ್ತರ, ದನಿ ಅದಕ್ಕಿಂತ ಎತ್ತರ. ಫೋನಿನಲ್ಲಿ ಮಾತಾಡಿದರೆ ಫೋನೇ ಬೇಡವೆನಿಸುತ್ತಿತ್ತು.

"ಏನಂದನ್ರಿ ಅಂವಾ?" ಎಂದು ಕೇಳಿದವರು ಇಂದ್ರಾಬಾಯಿ. ಓಣಿಗೆಲ್ಲ ಹಿರಿಯರು. ಯಾವ ದೇವರಿಗೆ ಯಾವ ವಾರ, ಯಾರ ಮನೆಯಲ್ಲಿ ಯಾರಿಗೆ ಜ್ವರ, ಎರಡನ್ನೂ ಒಂದೇ ಶ್ರದ್ಧೆಯಿಂದ ನೆನಪಿಟ್ಟವರು.

"ಬರೂದಿಲ್ಲಂತ," ಹೊಳಬಸಪ್ಪನವರು ಫೋನನ್ನು ಕಿಸೆಗೆ ತುರುಕಿದರು. "ನೀರು ತೋರಸಾಕ ಕೆರೂರಿಂದ ಬರಬೇಕಿತ್ತಲ್ಲ, ಅವನ ಮನಿ ಬೋರ್ ಬತ್ತೇತಂತ. ಟ್ಯಾಂಕರ್ ಹುಡುಕ್ಕೊಂಡು ಹೋಗ್ಯಾನ."

ಲಾರಿಯ ಗಾಲಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಮಾಲೀಕ ಅಹ್ಮದಸಾಬ ಬಸಿಯನ್ನು ಕೆಳಗಿಟ್ಟ. "ಅಧ್ಯಕ್ಷರ, ಮಧ್ಯಾಹ್ನಕ್ಕ ನಾ ಶಿರೂರಾಗ ಇರಬೇಕು. ಈಗ ಜಾಗಾ ತೋರಿಸಿದ್ರ ಹೊಡೀತೇನಿ. ಇಲ್ಲಂದ್ರ ಲಾರಿ ತಿರುವತೇನಿ. ಆಮ್ಯಾಲ ದೀಪಾವಳಿ ತನಕಾ ನನ್ನ ಹೆಸರು ತಗೀಬ್ಯಾಡ್ರಿ."

ಹೊಳಬಸಪ್ಪನವರ ಹಣೆಯ ಮೇಲೆ ಬೆವರು ಮೂಡಿತು. ಮೊದಲಿನ ಎರಡೂ ತೂತುಗಳು ಅವರ ಮುಂದಾಳುತನದಲ್ಲೇ ಬಿದ್ದಿದ್ದವು. ಮೂರನೆಯದನ್ನೂ ತಾವೇ ತೋರಿಸಿ ಅದೂ ಹುಡಿ ಕಾರಿತೆಂದರೆ ಓಣಿಯವರು ತಮ್ಮನ್ನೇ ಆ ತೂತಿಗೆ ಇಳಿಸುತ್ತಾರೆಂಬುದು ಅವರಿಗೆ ಸ್ಪಷ್ಟವಾಗಿತ್ತು. ಅವರಿಗೆ ಈಗ ನೀರಿಗಿಂತ ತುರ್ತಾಗಿ ಬೇಕಾಗಿದ್ದದ್ದು ಇನ್ನೊಬ್ಬ ಮನುಷ್ಯ.

ಆ ಮನುಷ್ಯ ಜಾಲಿಕಂಟಿಯ ನಡುವಿನ ಕಾಲುದಾರಿ ಹಿಡಿದು ಬರುತ್ತಿದ್ದರು. ಚೀಲವಿಲ್ಲದ್ದರಿಂದ ಬಲಗೈಯ ಅಂಗೈಯಲ್ಲಿ ಕಾಯಿಯನ್ನು ಅಡ್ಡಡ್ಡ ಮಲಗಿಸಿಕೊಂಡಿದ್ದರು. ಮುಳ್ಳಿಗೆ ಸಿಗಬಾರದೆಂದು ಎಡಗೈಯಲ್ಲಿ ಲುಂಗಿ ಎತ್ತಿ ಹಿಡಿದಿದ್ದರು. ಬಯಲಿನ ನಡುವೆ ಒಂದು ತಗ್ಗು. ಅಲ್ಲಿಗೆ ಕಾಲಿಟ್ಟರೋ ಇಲ್ಲವೋ, ಜಾಲಿಮುಳ್ಳೊಂದು ಚಪ್ಪಲಿ ದಾಟಿ ಹಿಮ್ಮಡಿಗೆ ಇಳಿಯಿತು.

"ಅಯ್ಯಯ್ಯೋ!" ಎಂದು ಮಾಸ್ತರರು ಹಾರಿದರು. ಹಾರಿದ ರಭಸಕ್ಕೆ ಕಾಯಿ ಗಾಳಿಯಲ್ಲಿ ಒಂದು ಲಾಗ ಹೊಡೆದು, ಜುಟ್ಟು ಮೇಲಾಗಿ, ನೆಟ್ಟಗೆ ಅಂಗೈಗೆ ಬಂದು ನಿಂತಿತು. ಬೇಕೆಂದು ಮಾಡಿದ್ದರೆ ನೂರು ಸಲಕ್ಕೂ ಆಗದ ಕೆಲಸ. ಒಂದು ಕೈಯಲ್ಲಿ ಲುಂಗಿ, ಒಂದು ಕೈಯಲ್ಲಿ ಕಾಯಿ, ಮುಳ್ಳು ಕೀಳಲು ಮೂರನೆಯ ಕೈಯಿಲ್ಲ. ಮಾಸ್ತರರು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಒಂಟಿಗಾಲಿನ ಮೇಲೆ ನಡುಗುತ್ತ ನಿಂತರು.

ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು ನಡೆದರೆ, ನೆಲದೊಳಗೆ ನೀರಿದ್ದಲ್ಲಿ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆಂಬುದು ಆ ಸೀಮೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿದ್ದ ಮಾತು.

"ಕಾಯಿ ನಿಂತತಿ!" ಹೊಳಬಸಪ್ಪನವರ ಕೂಗಿಗೆ ಸ್ವಾಗತ ಕಮಾನಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿದವು. "ಇಂದ್ರಾಬಾಯಿ, ನೋಡ್ರಿಲ್ಲೆ, ಮಾಸ್ತರ ಕೈಯಾಗ ಕಾಯಿ ನಿಂತತಿ!"

"ಎಪ್ಪಾ! ಒಂಟಿಗಾಲ ಮ್ಯಾಲ ನಿಂತಾನಲ್ಲೋ! ಮೈಯೆಲ್ಲಾ ನಡಗಾಕತ್ತೈತಿ. ಬಂತು, ಮೈಯಾಗ ಬಂತು!"

"ಬಂದದ್ದು ಮುಳ್ಳುರೀ, ಕಾಲಾಗ!" ಮಾಸ್ತರರು ನರಳಿದರು.

ಅಷ್ಟರಲ್ಲಿ ಓಣಿಯ ಅರ್ಧ ಜನ ಸುತ್ತುಗಟ್ಟಿದ್ದರು. ಯಾರೋ ಮುಳ್ಳು ಕಿತ್ತರು. ಅದನ್ನು ಎಸೆಯದೆ ಕಾಗದದಲ್ಲಿ ಸುತ್ತಿಟ್ಟುಕೊಂಡರು. ಮಾಸ್ತರರು ತಮಗೆ ಗೊತ್ತಿದ್ದ ಒಂದೇ ಅಸ್ತ್ರ ತೆಗೆದರು. "ಕೇಳ್ರಿಲ್ಲೆ. ಇದಕ್ಕ ವೈಜ್ಞಾನಿಕ ಕಾರಣ ಐತಿ. ಪ್ರತಿ ವಸ್ತುವಿಗೂ ಒಂದು ಗುರುತ್ವ ಕೇಂದ್ರ ಅಂತ ಇರತೈತಿ. ಆ ಕೇಂದ್ರ..."

"ಕೇಳಿದ್ರೇನು?" ಹೊಳಬಸಪ್ಪನವರು ಜನರ ಕಡೆ ತಿರುಗಿದರು. "ಕೇಂದ್ರ ಇಲ್ಲೇ ಐತಂತ! ಅವರ ಬಾಯಿಂದ ಬಂತು. ಸುಣ್ಣಾ ತರ್ರಿ, ಗುರ್ತು ಹಾಕೂಣು."

"ಹಂಗಲ್ರಿ ಹೊಳಬಸಪ್ಪನವರ! ಬೇಕಾದ್ರ ಇನ್ನೊಮ್ಮೆ ನೋಡ್ರಿ, ನಿಲ್ಲೂದಿಲ್ಲ ಅದು."

ಇದು ದೊಡ್ಡ ತಪ್ಪಾಯಿತು. ಪರೀಕ್ಷೆಗೆ ತಾವೇ ಒಪ್ಪಿದ್ದಾರೆಂದು ಜನ ಇನ್ನಷ್ಟು ಮೆಚ್ಚಿದರು. ಇಂದ್ರಾಬಾಯಿ ತಮ್ಮ ಹೆಗಲ ಮೇಲಿನ ವಲ್ಲಿಬಟ್ಟೆ ಕೊಟ್ಟರು, ಅದರಿಂದ ಮಾಸ್ತರರ ಕಣ್ಣು ಕಟ್ಟಿದರು. ಕಾಯಿಗೆ ಕುಂಕುಮ ಹಚ್ಚಿದರು. ಬಯಲಿನ ಆಚೆ ತುದಿಗೆ ಒಯ್ದು ಮೂರು ಸುತ್ತು ತಿರುಗಿಸಿ ಬಿಟ್ಟರು.

ಮಾಸ್ತರರು ಮನಸ್ಸಿನಲ್ಲೇ ನಿರ್ಧರಿಸಿದರು. ತಗ್ಗಿನ ಕಡೆ ಕಾಲೇ ಹಾಕಬಾರದು, ಕಾಯಿಯನ್ನು ಎರಡೂ ಕೈಯಿಂದ ಅಪ್ಪಿ ಹಿಡಿದು ಸೀದಾ ಮನೆಯ ಕಡೆ ನಡೆಯಬೇಕು. ಇಡ್ಲಿಯ ವಾಸನೆಯ ಜಾಡು ಹಿಡಿದು ಹತ್ತು ಹೆಜ್ಜೆ ಹಾಕಿರಬೇಕು. ಲುಂಗಿಯನ್ನು ಹಿಡಿಯಲು ಈಗ ಕೈಯಿರಲಿಲ್ಲವಾಗಿ ಅದು ಕಂಟಿಗೆ ಸಿಕ್ಕಿತು. ಮಾಸ್ತರರು ಮುಂದಕ್ಕೆ ನಡೆದರು, ಲುಂಗಿ ಹಿಂದಕ್ಕೆ ಎಳೆಯಿತು. ಮಾನವೋ ಕಾಯಿಯೋ ಎಂಬ ಪ್ರಶ್ನೆ ಎದುರಾದಾಗ ಮಾಸ್ತರರು ಎರಡೂ ಕೈಯಿಂದ ಮಾನ ಹಿಡಿದುಕೊಂಡರು. ಕಾಯಿ ನೆಲಕ್ಕೆ ಬಿತ್ತು. ಬಿದ್ದದ್ದು ಉರುಳಿತು. ಇಳಿಜಾರಿನಲ್ಲಿ ಉರುಳುತ್ತ, ಕಂಟಿಗಳ ಸಂದಿಯಲ್ಲಿ ನುಸುಳುತ್ತ, ಜನರು ಬಾಯಿ ತೆರೆದು ದಾರಿ ಬಿಡುತ್ತಿದ್ದಂತೆ ಹೋಗಿ ಅದೇ ತಗ್ಗಿನಲ್ಲಿ, ಸುಣ್ಣದ ಗುರುತಿನ ನಟ್ಟನಡುವೆ ನಿಂತಿತು.

ಅಹ್ಮದಸಾಬ ಕೂಡ ಬಾಯಿಂದ ಬೀಡಿ ತೆಗೆದ.

"ಕಾಯಿ ತಾನ ನಡಕೊಂತ ಹೋತು," ಇಂದ್ರಾಬಾಯಿ ಪಿಸುಗುಟ್ಟಿದರು. "ನನ್ನ ಕಣ್ಣಿಂದ ನೋಡಿದೆ."

"ಇಳಿಜಾರ ಐತ್ರಿ ಅಮ್ಮಾ, ಅದಕ್ಕ..."

"ಸುಮ್ನಿರೋ ತಮ್ಮಾ. ನಿನಗ ಗೊತ್ತಾಗೂದಿಲ್ಲ. ಕೊಡೂ ಗಂಗವ್ವಗ ಗೊತ್ತು, ಯಾರ ಕೈಯಾಗ ಕೊಡಬೇಕಂತ."

ಹೊಳಬಸಪ್ಪನವರು ಕಾಯುತ್ತಿದ್ದ ಗಳಿಗೆ ಇದು. ಅವರು ಲಾರಿಯ ಮೆಟ್ಟಿಲೇರಿ ಗಂಟಲು ಸರಿಮಾಡಿಕೊಂಡರು. "ಓಣಿಯ ಬಂಧುಗಳೇ! ಇಷ್ಟು ದಿನಾ ನಿಮ್ಮ ಅಧ್ಯಕ್ಷ ಆಗಿ ಸೇವಾ ಮಾಡಿದೆ. ಆದ್ರ ಇವತ್ತ ನನಗಿಂತ ದೊಡ್ಡಾವ್ರು ಸಿಕ್ಕಾರ. ಈ ಗಳಿಗಿಯಿಂದ ಸಂಘದ ಅಧ್ಯಕ್ಷರು ಕಲ್ಲೇಶ ಮಾಸ್ತರು. ಈ ಬೋರಿನ ಎಲ್ಲಾ ಜವಾಬ್ದಾರಿ ಅವರದ. ನೀರು ಬಂದ್ರೂ ಅವರದ." ಬರದಿದ್ದರೆ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಲಾರಿಯ ಪೂಜೆಗೆಂದು ತಂದಿದ್ದ ಚೆಂಡುಹೂವಿನ ಮಾಲೆಯನ್ನು ಬಿಚ್ಚಿ ಮಾಸ್ತರರ ಕೊರಳಿಗೆ ಹಾಕಿದರು.

ಚುನಾವಣೆಯಿಲ್ಲ, ಭಾಷಣವಿಲ್ಲ, ಮುಂಜಾನೆಯ ನಾಷ್ಟಾ ಕೂಡ ಇಲ್ಲ, ಮಾಸ್ತರರು ನಾಯಕರಾಗಿಬಿಟ್ಟರು. ನಾಯಕನೆಂದರೆ ಮುಂದೆ ನಡೆಯುವವನೆಂದು ಪಾಠದ ಪುಸ್ತಕದಲ್ಲಿ ಬರೆದಿರುತ್ತದೆ. ಹಿಂದಿನವರು ನೂಕಿದಾಗ ಮುಂದಕ್ಕೆ ಬೀಳುವವನೆಂದು ಮಾಸ್ತರರಿಗೆ ಆಗ ತಿಳಿಯಿತು.

ಆಗ ಜನರನ್ನು ಸರಿಸುತ್ತ ಪದ್ಮಶ್ರೀ ಬಂದಳು. ಕೈಯಲ್ಲಿ ಸೌಟು. "ಎಲ್ಲೆದಾರ ಅವ್ರು? ಕಾಯಿ ತರ್ರಿ ಅಂದ್ರ ಗಿಡಾ ಹಚ್ಚಿ ಬೆಳಸಾಕ ಹೋಗ್ಯಾರೇನ?" ಎನ್ನುತ್ತ ಬಂದವಳು ಗಂಡನ ಕೊರಳಿನ ಮಾಲೆ ನೋಡಿ ನಿಂತಳು. "ಇದೇನ್ರಿ? ಚಟ್ನಿಗೆ ಕಾಯಿ ತಂದ್ರ ಮಾಲಿ ಹಾಕ್ತಾರೇನು?"

"ಪದ್ಮಾ, ನೀನರ ಹೇಳ ಇವರಿಗೆ," ಮಾಸ್ತರರು ಅಂಗಲಾಚಿದರು.

ಪದ್ಮಶ್ರೀ ಸುತ್ತ ನೋಡಿದಳು. ಇಂದ್ರಾಬಾಯಿ ಬಂದು ಅವಳ ಹಣೆಗೆ ಕುಂಕುಮ ಹಚ್ಚಿ, "ಪುಣ್ಯಾ ಮಾಡಿದ್ದಿ ನೋಡವ್ವಾ, ಇಂಥಾ ಗಂಡ ಸಿಗಾಕ" ಎಂದರು. ಮದುವೆಯಾದಾಗಿನಿಂದ ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಸೌಟನ್ನು ಬೆನ್ನ ಹಿಂದೆ ಸರಿಸಿದಳು.

"ಆತು, ತೋರಸ್ರಿ," ಎಂದಳು. "ನೀರು ಬಂದ್ರ ಒಳ್ಳೇದ ಅಲ್ಲ? ಆದ್ರ ಕುಂಕುಮ ಹಚ್ಚಿದ ಕಾಯಿ ಚಟ್ನಿಗೆ ನಡಿಯಂಗಿಲ್ಲ. ಬರೂವಾಗ ಬ್ಯಾರೇದು ತರ್ರಿ."

ಕೊನೆಯ ಆಸೆಯೂ ಹೋಯಿತು. ಅಹ್ಮದಸಾಬ ಲಾರಿಯನ್ನು ತಗ್ಗಿನ ಮೇಲೆ ತಂದು ನಿಲ್ಲಿಸಿದ. ಅವನು ನೆಲ ಕೊರೆದು ಕೊರೆದು ದೇವರನ್ನೂ ಮನುಷ್ಯರನ್ನೂ ಅಷ್ಟಾಗಿ ನಂಬದ ಸ್ಥಿತಿಗೆ ಬಂದವನು. "ಹೇಳ್ರಿ ಮಾಸ್ತರ, ಎಷ್ಟು ಫೂಟಿಗೆ ನೀರು? ಐದನೂರು? ಆರನೂರು?"

ಬಿಸಿಲೇರಿತ್ತು. ಹೊಟ್ಟೆ ಹಸಿದಿತ್ತು. ಹಿಮ್ಮಡಿ ಚುಳುಚುಳು ಎನ್ನುತ್ತಿತ್ತು. ಮಾಲೆಯೊಳಗಿನ ಇರುವೆ ಕೊರಳ ಹಿಂದೆ ಕಚ್ಚಿತು. ಜೀವಮಾನದಲ್ಲಿ ಮೊದಲ ಬಾರಿ ಮಾಸ್ತರರಿಗೆ ಸಿಟ್ಟು ಬಂತು. "ಆರನೂರ ಯಾಕಪಾ? ಆರ ಫೂಟಿಗೆ ಬರತೈತಿ! ಹೊಡಿ ಹೋಗ!"

ಸಿಟ್ಟಿನ ಮಾತು ಎಂದು ಯಾರಿಗೂ ಅನಿಸಲಿಲ್ಲ. ಸಿಟ್ಟಾಗುವ ಮಾಸ್ತರರನ್ನು ಓಣಿ ನೋಡಿಯೇ ಇರಲಿಲ್ಲ. ಗುಂಪು ಮೆಲ್ಲಗೆ 'ಆರು ಫೂಟು, ಆರು ಫೂಟು' ಎಂದು ಒಬ್ಬರಿಂದೊಬ್ಬರಿಗೆ ದಾಟಿಸಿತು. ಅಹ್ಮದಸಾಬ ಮಾತ್ರ ಹೊಟ್ಟೆ ಹಿಡಿದು ನಕ್ಕ. "ಆರು ಫೂಟಿಗೆ ಹೆಣಾ ಹೂಳ್ತಾರ ಮಾಸ್ತರ, ನೀರು ಬರೂದಿಲ್ಲ" ಎನ್ನುತ್ತ ಯಂತ್ರ ಚಾಲೂ ಮಾಡಿದ.

ಯಂತ್ರ ಗುಡುಗಿತು. ಕೆಂಪು ಮಣ್ಣು ಎದ್ದಿತು, ಎರೆಮಣ್ಣು ಎದ್ದಿತು. ಹೊಳಬಸಪ್ಪನವರು ಗುಂಪಿನಿಂದ ಹಿಂದೆ ಸರಿದು, ಓಡಲು ಅನುಕೂಲವಾಗುವ ಜಾಗ ನೋಡಿಕೊಂಡು ನಿಂತರು. ಎಲ್ಲರೂ ನೋಡುತ್ತಿದ್ದಂತೆ ನೆಲದೊಳಗೆ 'ಫಟಾರ್' ಎಂಬ ಸದ್ದಾಯಿತು. ಮರುಕ್ಷಣ ಬೆಳ್ಳಗಿನ ನೀರಿನ ಕಂಬವೊಂದು ಭೋರೆಂದು ಎದ್ದು ಲಾರಿಯ ತಲೆಯನ್ನೂ ದಾಟಿ, ಅಹ್ಮದಸಾಬನನ್ನು ಎತ್ತಿ ಜಾಲಿಕಂಟಿಯಲ್ಲಿ ಕೂಡಿಸಿತು.

"ಯಾ ಅಲ್ಲಾ," ಅವನು ಕಂಟಿಯೊಳಗಿಂದ ಕೂಗಿದ, "ಖರೇನ ಆರು ಫೂಟು!"

ಆಮೇಲೆ ಕಾಯಕ ನಗರದಲ್ಲಿ ಆದದ್ದನ್ನು ವರ್ಣಿಸುವುದು ಕಷ್ಟ. ಒಬ್ಬರ ಕೂಡ ಒಬ್ಬರು ಮಾತು ಬಿಟ್ಟವರು ಕೈ ಹಿಡಿದು ಕುಣಿದರು. ಟ್ಯಾಂಕರ್ ಪಾಳಿಯಲ್ಲಿ ಕೊಡದಿಂದ ಬಡಿದಾಡಿಕೊಂಡ ಹೆಂಗಸರು ಒಬ್ಬರ ತಲೆಯ ಮೇಲೊಬ್ಬರು ನೀರು ಸುರಿದರು. ಪದ್ಮಶ್ರೀ ಕುಣಿಯಲಿಲ್ಲ. ಮನೆಗೆ ಓಡಿ ಡ್ರಮ್ಮು, ಹಂಡೆ, ಕೊಡ, ಬಕೆಟ್ಟು, ಕೊನೆಗೆ ಇಡ್ಲಿ ಪಾತ್ರೆಯನ್ನೂ ತಂದು ಎಲ್ಲರಿಗಿಂತ ಮೊದಲು ಸಾಲಾಗಿ ಇಟ್ಟಳು. ಮೊಬೈಲುಗಳು ಮೇಲೆದ್ದವು. ಮಾಸ್ತರರ ಶಾಲೆಯ ಹೆಡ್‌ಮಾಸ್ತರರಿಗೂ ವಿಡಿಯೋ ತಲುಪಿತೆಂದು ಯಾರೋ ಸಂತೋಷದಿಂದ ಹೇಳಿದರು.

ಮಾಸ್ತರರು ನಖಶಿಖಾಂತ ತೊಯ್ದು ನಿಂತಿದ್ದರು. ಅವರನ್ನು ಯಾರೋ ಹೆಗಲ ಮೇಲೆ ಎತ್ತಿದರು. ಅಲ್ಲಿಂದ ನೋಡಿದರೆ ಜನರ ಮುಖಗಳೆಲ್ಲ ಕೆಳಗೆ ಕಾಣುತ್ತಿದ್ದವು, ಎಲ್ಲವೂ ತಮ್ಮ ಕಡೆಗೇ ಎತ್ತಿದ್ದವು. ಮಾಸ್ತರರ ಎದೆಯೊಳಗೆ ಏನೋ ಒಂದು ಮೆಲ್ಲಗೆ ಜಾರಿತು. ಒಂದು ಸಲ ಕಾಯಿ ನಿಂತದ್ದು ಆಕಸ್ಮಿಕ, ಒಪ್ಪಬಹುದು. ಎರಡನೆಯ ಸಲವೂ ಅಲ್ಲಿಗೇ ಹೋದದ್ದು? ಆರು ಎಂದು ಬಾಯಿಗೆ ಬಂದದ್ದು? ಏಳು ಯಾಕೆ ಬರಲಿಲ್ಲ? ವಿಜ್ಞಾನಕ್ಕೆ ಇನ್ನೂ ತಿಳಿಯದ್ದು ಬಹಳ ಇದೆ ಎಂದು ತಾವೇ ಎಷ್ಟು ಸಲ ಪಾಠ ಮಾಡಿಲ್ಲ?

"ಅಧ್ಯಕ್ಷರು ಎರಡು ಮಾತು ಆಡಬೇಕು!" ಹೊಳಬಸಪ್ಪನವರು ಓಡುವ ಜಾಗ ಬಿಟ್ಟು ಮುಂದಿನ ಸಾಲಿಗೆ ಬಂದಿದ್ದರು.

ಮಾಸ್ತರರು ಹೆಗಲ ಮೇಲಿಂದಲೇ ಕೈ ಎತ್ತಿದರು. "ಬಂಧುಗಳೇ! ಮುಂದಾಳುತನ ಅಂದ್ರ ಏನು? ಎಲ್ಲಾರೂ ಆರನೂರು ಅನ್ನೂವಾಗ ಒಬ್ಬಾಂವ ಧೈರ್ಯದಿಂದ ಆರು ಅನ್ನೂದು! ನಂಬಿಕಿ ಅಂದ್ರ ಏನು? ಅಂಗೈಯಾಗಿನ ಕಾಯಿ ಮ್ಯಾಲ ಕಣ್ಣಿಡೂದಲ್ಲ, ಕಾಯಿ ಹಿಡದ ಕೈ ಮ್ಯಾಲ ಕಣ್ಣಿಡೂದು!"

ಜನ ಚಪ್ಪಾಳೆ ತಟ್ಟಿದರು. ಈ ಮಾತು ತಮಗೆ ಎಲ್ಲಿಂದ ಹೊಳೆಯಿತೆಂದು ಮಾಸ್ತರರಿಗೇ ಅಚ್ಚರಿಯಾಯಿತು. ಇನ್ನೂ ನಾಲ್ಕು ಇಂಥವು ಬರುವಂತಿದ್ದವು. ಅಷ್ಟರಲ್ಲಿ ಇಂದ್ರಾಬಾಯಿ ಹಿತ್ತಾಳೆಯ ಗಿಂಡಿಯಲ್ಲಿ ಹೊಸ ನೀರು ತುಂಬಿಸಿ, ತುಳಸಿ ಹಾಕಿ ತಂದರು. "ಮೊದಲ ತೀರ್ಥ ನಿನಗ, ತಮ್ಮಾ. ಗಂಗವ್ವನ್ನ ಕರದಾಂವ ನೀನು."

ಮಾಸ್ತರರು ಭಕ್ತಿಯಿಂದ ಎರಡೂ ಕೈ ಒಡ್ಡಿ, ತೀರ್ಥ ಪಡೆದು, ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು. ಕಣ್ಣು ತಾವಾಗಿಯೇ ತೆರೆದವು. ಇನ್ನೊಂದು ಗುಟುಕು ಹಾಕಿಕೊಂಡು ನಾಲಿಗೆಯ ಮೇಲೆ ತಿರುವಿದರು. ಮೂಸಿ ನೋಡಿದರು. ಪ್ರತಿ ವರ್ಷ ಎಂಟನೆಯ ತರಗತಿಗೆ ತಾವೇ ಸೀಸೆ ತೆರೆದು ತೋರಿಸುವ ವಾಸನೆ.

"ಬ್ಲೀಚಿಂಗ್ ಪೌಡರ್!" ಎಂದರು.

"ಏನ್ ಪೌಡರೋ?"

"ಇದು ಭೂಮಿ ನೀರಲ್ರಿ ಅಮ್ಮಾ. ಪೌಡರ್ ಹಾಕಿ ಶುದ್ಧ ಮಾಡಿದ ನೀರು. ಯಾರದೋ ಪೈಪ್ ಒಡದೇವಿ ನಾವು!"

"ಗಂಗವ್ವನ ವಾಸನಿ ಅದು. ಶುದ್ಧ ಇದ್ದದ್ದಕ್ಕ ಶುದ್ಧ ವಾಸನಿ ಬರತೈತಿ," ಎಂದು ಇಂದ್ರಾಬಾಯಿ ಉಳಿದ ತೀರ್ಥವನ್ನು ತಾವೇ ಕುಡಿದು ತಲೆಗೆ ಒರೆಸಿಕೊಂಡರು.

ಮಾಸ್ತರರು ಹೆಗಲ ಮೇಲಿಂದ ದುಡುದುಡು ಇಳಿದರು. ನೀರಿನ ಕಂಬದ ಮುಂದೆ ಹೋಗಿ ಎರಡೂ ಕೈ ಮೇಲೆತ್ತಿ, "ನಿಲ್ಲಸ್ರಿ! ಮೊದಲ ಇದನ್ನ ನಿಲ್ಲಸ್ರಿ! ಸಾಕು! ನಿಲ್ಲು!" ಎಂದು ಯಾರಿಗೆ ಹೇಳಬೇಕೋ ತಿಳಿಯದೆ ನೀರಿಗೇ ಕೂಗಿದರು.

ನೀರು ನಿಂತಿತು. ಭೋರ್ಗರೆಯುತ್ತಿದ್ದ ಕಂಬ ಮೊದಲು ಆಳೆತ್ತರಕ್ಕೆ ಇಳಿಯಿತು, ಆಮೇಲೆ ಮೊಣಕಾಲೆತ್ತರಕ್ಕೆ, ಆಮೇಲೆ ಮಾಸ್ತರರ ಪಾದದ ಬಳಿ ಗುಳುಗುಳು ಎಂದು ತಲೆ ಬಾಗಿಸಿ ಒಳಗೆ ಹೋಯಿತು. ಇಂದ್ರಾಬಾಯಿ ಆ ಕೆಸರಿನಲ್ಲೇ ಉದ್ದಂಡ ಬಿದ್ದರು. ಕಂಟಿಯಿಂದ ಆಗಷ್ಟೇ ಎದ್ದು ಬಂದಿದ್ದ ಅಹ್ಮದಸಾಬ ತಲೆಯ ಟೋಪಿ ಸರಿಮಾಡಿಕೊಂಡು, "ಮಾಸ್ತರ, ನಕ್ಕದ್ದಕ್ಕ ಮಾಫ್ ಮಾಡ್ರಿ" ಎಂದ.

ನೀರನ್ನು ನಿಲ್ಲಿಸಿದ್ದು ಯಾರೆಂಬುದು ಸ್ವಲ್ಪ ಹೊತ್ತಿನಲ್ಲಿ ಗೊತ್ತಾಯಿತು. ರಸ್ತೆಯ ಕಡೆಯಿಂದ ಸರ್ಕಾರಿ ಜೀಪೊಂದು ಧೂಳೆಬ್ಬಿಸುತ್ತ ಬಂದು ನಿಂತಿತು. ಇಳಿದವನು ಎಳೆಯ ಪ್ರಾಯದ ಎಂಜಿನಿಯರ್. ಗಡ್ಡ ಬಿಟ್ಟಿದ್ದ, ನಿದ್ದೆಗೆಟ್ಟ ಕಣ್ಣು. ಹೆಸರು ಪ್ರಬುದ್ಧ. ತೂತು ನೋಡಿದ, ಲಾರಿ ನೋಡಿದ, ಸಾಲಾಗಿಟ್ಟ ಹಂಡೆ ಕೊಡಗಳನ್ನು ನೋಡಿದ.

"ಹದಿನೆಂಟು ಹಳ್ಳಿಗೆ ಕುಡಿಯೂ ನೀರು ಹೋಗೂ ದೊಡ್ಡ ಲೈನ್ ಇದು. ನೀರು ಹಾರೂ ವಿಡಿಯೋ ನೋಡಿ ವಾಲ್ವ್ ಬಂದ್ ಮಾಡಿಸಿ ಬಂದೇನಿ. ಇಲ್ಲಿ ಹೊಡಿ ಅಂತ ಹೇಳಿದಾವ್ರು ಯಾರು?"

ಇಡೀ ಓಣಿ ಎಂದೂ ಯಾವ ವಿಷಯಕ್ಕೂ ಒಮ್ಮತಕ್ಕೆ ಬಂದದ್ದಿಲ್ಲ. ಆಗ ಮಾತ್ರ ಎಲ್ಲ ಬೆರಳುಗಳೂ ಒಂದೇ ಕಡೆ ತಿರುಗಿದವು.

"ಇವರ ನಮ್ಮ ಅಧ್ಯಕ್ಷರು," ಹೊಳಬಸಪ್ಪನವರು ಹೇಳಿದರು. "ನಾ ಮುಂಜಾನೆನ ರಾಜೀನಾಮೆ ಕೊಟ್ಟೇನ್ರಿ." ಬಿ.ಪಿ. ಗುಳಿಗೆ ತಗೊಳ್ಳುವ ಹೊತ್ತಾಯಿತೆಂದು ಅವರು ಹೊರಟರು. ಇಂದ್ರಾಬಾಯಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಯಿತು. ಅಹ್ಮದಸಾಬನಿಗೆ ಶಿರೂರು ನೆನಪಾಯಿತು. ಹೋಗುವವರೆಲ್ಲ ತಮ್ಮ ತಮ್ಮ ಕೊಡ ಮರೆಯದೆ ಎತ್ತಿಕೊಂಡರು. ಬಯಲಿನಲ್ಲಿ ಉಳಿದವರು ಮಾಸ್ತರರು, ಪದ್ಮಶ್ರೀ, ಮತ್ತು ಅವಳಿಂದ ಎತ್ತಲಾಗದ ಡ್ರಮ್ಮು.

"ನೌಕರಿ ಏನ್ ಮಾಡ್ತೀರಿ?" ಎಂಜಿನಿಯರ್ ಕೇಳಿದ.

"ವಿಜ್ಞಾನ ಮಾಸ್ತರ್ರಿ."

"ವಿಜ್ಞಾನ. ಮತ್ತ ಜಾಗಾ ಹೆಂಗ ತೋರಿಸಿದ್ರಿ?"

ಮಾಸ್ತರರು ಎಲ್ಲವನ್ನೂ ಹೇಳಿದರು. ಇಡ್ಲಿ, ಮರೆತ ಚೀಲ, ಮುಳ್ಳು, ಲುಂಗಿ, ಇಳಿಜಾರು, ಇರುವೆ. ಹೆಗಲ ಮೇಲೆ ಕೂತು ಆಡಿದ ಮಾತನ್ನೂ ಬಿಡಲಿಲ್ಲ. ಹೇಳುತ್ತ ಹೋದಂತೆ ಎದೆ ಹಗುರಾಯಿತು. ಮುಂಜಾನೆಯಿಂದ ತಮ್ಮ ಮಾತನ್ನು ಪೂರ್ತಿಯಾಗಿ ಕೇಳಿದ ಮೊದಲ ಮನುಷ್ಯ ಇವನೇ. "ನನಗ ಯಾವ ಶಕ್ತಿನೂ ಇಲ್ರಿ ಸಾಹೇಬ್ರ. ತಪ್ಪಾಗೈತಿ. ಏನ್ ಶಿಕ್ಷಾ ಕೊಡ್ತೀರಿ ಕೊಡ್ರಿ, ಆದ್ರ ಇದನ್ನ ಪವಾಡ ಅನಬ್ಯಾಡ್ರಿ."

"ಖರೇರಿ," ಪದ್ಮಶ್ರೀ ಗಂಡನ ಪರವಾಗಿ ನಿಂತಳು. "ಇವರಿಗೆ ಹಣಿ ಮ್ಯಾಲಿನ ಚಸ್ಮಾ ಸಿಗೂದಿಲ್ಲ. ಮನಿ ತುಂಬ ಹುಡಕ್ತಾರ."

ಎಂಜಿನಿಯರ್ ಬಗ್ಗಿ ತೂತಿನೊಳಗೆ ಕೋಲು ಇಳಿಬಿಟ್ಟು ಅಳತೆ ನೋಡಿದ. ಬಹಳ ಹೊತ್ತು ಬಗ್ಗಿಯೇ ಇದ್ದ. ಎದ್ದಾಗ ಅವನ ಮುಖ ಬದಲಾಗಿತ್ತು. ಪದ್ಮಶ್ರೀ ಬಿಟ್ಟರೆ ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮಾಸ್ತರರ ಹತ್ತಿರ ಬಂದ.

"ಆರು ಫೂಟ್ ಅಂದಿದ್ರಿ?"

"ಸಿಟ್ಟಿನ್ಯಾಗ ಅಂದದ್ರಿ."

"ಬರೋಬ್ಬರಿ ಆರು ಫೂಟ್ ಐತಿ." ಅವನ ದನಿ ಇಳಿದಿತ್ತು. "ಸರ, ಈ ಲೈನ್ ಹಾಕಿದ ಗುತ್ತಿಗೆದಾರ ಸತ್ತಾನ. ಹಾಕಿಸಿದ ಸಾಹೇಬ್ರು ರಿಟೈರ್ ಆಗಿ ಯಾವ ಊರಾಗ ಅದಾರೋ. ಪೈಪ್ ಎಲ್ಲಿ ಹೋಗೈತಿ, ಎಲ್ಲಿ ತಿರುಗೈತಿ, ಎಲ್ಲಿ ಸೋರಾಕತ್ತೈತಿ, ನಮ್ಮ ಆಫೀಸಿನ್ಯಾಗ ಒಬ್ಬರಿಗೂ ಗೊತ್ತಿಲ್ಲ. ಈ ಕಡೆ ಬಿಟ್ಟ ನೀರು ಆ ಕಡೆ ಅರ್ಧಾನೂ ಮುಟ್ಟೂದಿಲ್ಲ. ಊರೂರಾಗ ಜನ ಕೊಡಾ ಹಿಡಕೊಂಡು ನನ್ನ ಜೀಪಿಗೆ ಅಡ್ಡ ನಿಲ್ತಾರ. ಮಶೀನ್ ತರಸಿದೆ, ಸಿಗಲಿಲ್ಲ. ರಸ್ತೆ ಅಗದೆ, ಬೈಸಿಕೊಂಡೆ, ಸಿಗಲಿಲ್ಲ. ನೀವು ಒಂದ ಮುಂಜಾನಿನ್ಯಾಗ ಹಿಡದ್ರಿ. ಒಮ್ಮೆ ಅಲ್ಲ, ಎರಡು ಸಲ. ಆಳಾನೂ ಹೇಳಿದ್ರಿ."

"ಸಾಹೇಬ್ರ, ಈಗ ಇಕಿ ಹೇಳಿದ್ಲಲ್ರಿ, ಹಣಿ ಮ್ಯಾಲಿನ ಚಸ್ಮಾ ಸಿಗೂದಿಲ್ಲ ನನಗ..."

"ಅದ ಅಲ್ರಿ ಮಾತು? ಮಣ್ಣಿನ ಮ್ಯಾಲಿದ್ದದ್ದು ನಿಮಗ ಸಿಗೂದಿಲ್ಲ, ಮಣ್ಣಿನ ಒಳಗಿದ್ದದ್ದು ಸಿಗತೈತಿ. ಶಕ್ತಿ ಅಂದ್ರ ಮತ್ತೇನು?"

ಮಾಸ್ತರರು ಇನ್ನೊಮ್ಮೆ ಹಾರಿದರು. ಈ ಸಲ ಮುಳ್ಳು ಇರಲಿಲ್ಲ. "ನೀವು ಓದಿದಾವ್ರು. ಎಂಜಿನಿಯರ್ ಅದೀರಿ."

"ಅದಕ್ಕ ಯಾರಿಗೂ ಹೇಳಬ್ಯಾಡ್ರಿ," ಎಂದ ಪ್ರಬುದ್ಧ. "ಸಾರ್ವಜನಿಕ ಆಸ್ತಿ ಹಾಳ ಮಾಡಿದ್ದಕ್ಕ ಕೇಸ್ ಹಾಕಬೇಕಾಗತೈತಿ. ನೀವು ಸರ್ಕಾರಿ ನೌಕರರು, ಆಮ್ಯಾಲಿಂದು ನಿಮಗ ಗೊತ್ತ ಐತಿ. ಇಲ್ಲಾ ಅಂದ್ರ ನಾಳೆ ನಸುಕಿನ್ಯಾಗ ಜೀಪ್ ಕಳಸ್ತೇನಿ, ಹದಿನೆಂಟೂ ಹಳ್ಳಿ ಒಂದೊಂದಾಗಿ ನಡೀರಿ. ನಿಮ್ಮ ಹೆಡ್‌ಮಾಸ್ತರಿಗೆ ನಾ ಫೋನ್ ಹಚ್ಚತೇನಿ, ವಿಡಿಯೋ ನೋಡಿದ ಮ್ಯಾಲ ಅವರೂ ರಜಾ ಕೊಡ್ತಾರ. ಹ್ಞೂಂ ಅಂತೀರೋ?"

ಮಾಸ್ತರರು ಹೆಂಡತಿಯ ಮುಖ ನೋಡಿದರು. ಪದ್ಮಶ್ರೀ ಡ್ರಮ್ಮಿನ ಮುಖ ನೋಡುತ್ತಿದ್ದಳು. ಬಾಯಲ್ಲಿ 'ಒಲ್ಲೆ' ಎಂಬ ಮಾತು ಸಿದ್ಧವಾಗಿ, ಹಲ್ಲಿನ ತನಕ ಬಂದು, ಎಂದಿನಂತೆ ಅಲ್ಲಿಂದಲೇ ತಿರುಗಿ ಹೋಯಿತು. "ಹ್ಞೂಂ" ಎಂದರು.

ಪ್ರಬುದ್ಧ ಅವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಜೀಪಿನ ಕಡೆ ನಾಲ್ಕು ಹೆಜ್ಜೆ ಹೋದವನು ಮತ್ತೆ ತಿರುಗಿ ಬಂದ.

"ಸರ, ಒಂದ ಮಾತು. ಕಾಯಿ ಮಾತ್ರ ನೀವ ತರಬೇಕು. ನಾವು ತರಬೇಕಂದ್ರ ಟೆಂಡರ್ ಕರೀಬೇಕಾಗತೈತಿ, ವರ್ಷಾ ಹಿಡೀತೈತಿ."